ಬ್ಯಾಡಗಿಯ ಲಾಟಿನಲ್ಲೊಂದು ಡೇಟಾಬೇಸ್ ಪಾಠ

ಗೈಡ್ ಪುಸ್ತಕ ಓದಿ ಗುಂಡಿ ಒತ್ತುವುದನ್ನು ಯಾರು ಬೇಕಾದರೂ ಕಲಿಯಬಹುದು. ಯೋಚಿಸುವುದನ್ನು ಕಲಿಯಬೇಕಾದರೆ ಪುಸ್ತಕದ ಉದಾಹರಣೆಯನ್ನು ಬದಿಗಿಟ್ಟು ನಮ್ಮೂರಿನ ಲೆಕ್ಕವನ್ನು ಕೈಗೆತ್ತಿಕೊಳ್ಳಬೇಕು.

ಮೈಕ್ರೋಸಾಫ್ಟ್ ಆಕ್ಸೆಸ್ ಕಲಿಯಲು ಕೂತವರಿಗೆಲ್ಲ ಒಂದು ಕಂಪನಿಯ ಪರಿಚಯವಿರುತ್ತದೆ. ಅದರ ಹೆಸರು ನಾರ್ತ್‌ವಿಂಡ್ ಟ್ರೇಡರ್ಸ್. ಆಹಾರ ಪದಾರ್ಥಗಳ ಆಮದು ರಫ್ತು ಅದರ ವ್ಯವಹಾರ. ಭೂಮಿಯ ಮೇಲೆ ಎಲ್ಲೂ ಇಲ್ಲದ ಈ ಕಂಪನಿಯನ್ನು ಕಲಿಯುವವರಿಗಾಗಿಯೇ ಸೃಷ್ಟಿಸಿ ತಂತ್ರಾಂಶದ ಜೊತೆ ಕೊಟ್ಟಿದ್ದರು. ಅದರ ಸರಕಿನ ಪಟ್ಟಿಯಲ್ಲಿ ಮೊದಲನೆಯದು ‘ಚಾಯ್’, ಗ್ರಾಹಕರ ಪಟ್ಟಿಯಲ್ಲಿ ಮೊದಲನೆಯವರು ಬರ್ಲಿನ್ ನಗರದವರು. ಒರಾಕಲ್ ಕಲಿತವರಿಗೆ ಇನ್ನೊಂದು ಕಂಪನಿ ಗೊತ್ತು: 14 ನೌಕರರು, 4 ವಿಭಾಗಗಳು. ವಿಭಾಗಗಳಿರುವುದು ನ್ಯೂಯಾರ್ಕ್, ಡಲ್ಲಾಸ್, ಷಿಕಾಗೊ ಮತ್ತು ಬಾಸ್ಟನ್‌ನಲ್ಲಿ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ತರಬೇತಿ ಕೇಂದ್ರಗಳಿಗೆ ಹಲಗೇರಿಯಂಥ ಊರುಗಳಿಂದ ಬಸ್ ಹಿಡಿದು ಬಂದ ಮಕ್ಕಳೂ ಡೇಟಾಬೇಸ್ ಕಲಿತದ್ದು ಇಂಥ ಕಂಪನಿಗಳ ಲೆಕ್ಕದಿಂದಲೇ. ಪರೀಕ್ಷೆ ಪಾಸಾದರು, ಪ್ರಮಾಣಪತ್ರ ಪಡೆದರು. ಆದರೆ ಅದೇ ರಸ್ತೆಯ ಕೊನೆಯಲ್ಲಿರುವ ದಲಾಲಿ ಅಂಗಡಿಯ ವ್ಯವಹಾರವನ್ನು ಕಂಪ್ಯೂಟರಿಗೆ ಏರಿಸಿಕೊಡಿ ಎಂದರೆ ಹಲವರು ಮೊದಲ ಕೋಷ್ಟಕದಲ್ಲೇ ತಡವರಿಸುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ. ಪುಸ್ತಕ ಹೇಳಿಕೊಟ್ಟದ್ದು ಬರ್ಲಿನ್ನಿನ ಗ್ರಾಹಕನ ಕೋಷ್ಟಕವನ್ನು ತೆರೆಯುವುದನ್ನು. ಕೋಷ್ಟಕ ಯಾಕೆ ಹಾಗಿದೆ ಎಂದು ಕೇಳುವುದನ್ನಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆಯೇ ವಿನ್ಯಾಸ. ಅದನ್ನು ಕಲಿಯಲು ಬ್ಯಾಡಗಿಯ ಮೆಣಸಿನಕಾಯಿ ಪೇಟೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಹಳತಾದ ಗುಂಡಿ, ಹಳತಾಗದ ಪಾಠ

ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಬ್ಬರೇ ಕೂತು ನಡೆಸಬಹುದಾದ ಡೇಟಾಬೇಸ್‌ಗಳು ಜನಪ್ರಿಯವಾದದ್ದು 1980ರ ದಶಕದಲ್ಲಿ, ಡಿಬೇಸ್ ಮೂಲಕ. ಆಮೇಲೆ ಫಾಕ್ಸ್‌ಪ್ರೊ ಬಂತು. 1992ರಲ್ಲಿ ಮೈಕ್ರೋಸಾಫ್ಟ್ ಫಾಕ್ಸ್‌ಪ್ರೊ ತಯಾರಿಸುತ್ತಿದ್ದ ಕಂಪನಿಯನ್ನು ಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ತನ್ನದೇ ಆದ ಆಕ್ಸೆಸ್ ಬಿಡುಗಡೆ ಮಾಡಿತು. ನಮ್ಮ ಸಣ್ಣ ಪಟ್ಟಣಗಳಲ್ಲಿ ಕಂಪ್ಯೂಟರ್ ಕೇಂದ್ರಗಳ ಫಲಕಗಳು ಎದ್ದಾಗ ಪಾಠಪಟ್ಟಿಯಲ್ಲಿದ್ದುದು ಈ ಹೆಸರುಗಳೇ. ಕಪಾಟಿನಲ್ಲಿದ್ದುದು ಇವುಗಳ ಇಂಗ್ಲಿಷ್ ಗೈಡ್‌ಗಳು: ಪುಟ ತುಂಬ ಪರದೆಯ ಚಿತ್ರಗಳು, ‘ಇಲ್ಲಿ ಒತ್ತಿ, ಆಮೇಲೆ ಅಲ್ಲಿ ಒತ್ತಿ’ ಎಂಬ ಸೂಚನೆಗಳು.

ಆ ಸೂಚನೆಗಳು ಬಹಳ ಕಾಲ ಬಾಳಲಿಲ್ಲ. ಆಕ್ಸೆಸ್ 2007ರಲ್ಲಿ ಹಳೆಯ ಮೆನುಗಳೇ ಮಾಯವಾಗಿ ರಿಬ್ಬನ್ ಬಂತು, ಕಡತದ ಸ್ವರೂಪವೂ ಬದಲಾಯಿತು. ಫಾಕ್ಸ್‌ಪ್ರೊದ ಹೊಸ ಆವೃತ್ತಿ ಇನ್ನು ಬರುವುದಿಲ್ಲ ಎಂದು ಅದೇ 2007ರಲ್ಲಿ ಮೈಕ್ರೋಸಾಫ್ಟ್ ಘೋಷಿಸಿತು. ಗುಂಡಿಯ ಜಾಗವನ್ನಷ್ಟೇ ಬಾಯಿಪಾಠ ಮಾಡಿದ್ದವರ ವಿದ್ಯೆ ಅಲ್ಲಿಗೆ ನಿಂತಿತು. ಕೋಷ್ಟಕಗಳ ನಡುವಿನ ಸಂಬಂಧವನ್ನು ತಿಳಿದವರು ಇನ್ನೊಂದು ತಂತ್ರಾಂಶಕ್ಕೆ ಸಲೀಸಾಗಿ ದಾಟಿದರು. ಯಾಕೆಂದರೆ ಆ ತಿಳಿವಳಿಕೆ ಯಾವ ಕಂಪನಿಯದೂ ಅಲ್ಲ. ಐಬಿಎಂನಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್ 1970ರ ಒಂದು ಪ್ರಬಂಧದಲ್ಲಿ ಅದಕ್ಕೆ ಅಡಿಪಾಯ ಹಾಕಿದರು: ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡಿ, ಒಂದು ಸಂಗತಿಯನ್ನು ಒಂದೇ ಕಡೆ ಬರೆಯಿರಿ, ಕೋಷ್ಟಕಗಳ ನಂಟನ್ನು ಗುರುತಿನ ಸಂಖ್ಯೆಯಿಂದ ಹೇಳಿ. 1976ರಲ್ಲಿ ಪೀಟರ್ ಚೆನ್ ಇದನ್ನೇ ಚಿತ್ರವಾಗಿ ಬರೆಯುವ ದಾರಿ ತೋರಿಸಿದರು. ಅರ್ಧ ಶತಮಾನ ಕಳೆದರೂ ಈ ಮಾತುಗಳಲ್ಲಿ ಒಂದೂ ಹಳತಾಗಿಲ್ಲ.

ಈ ವಿಚಾರ ನಮ್ಮ ಪೇಟೆಗೆ ಅಪರಿಚಿತವೂ ಅಲ್ಲ. ಹಳೆಯ ಗುಮಾಸ್ತರು ದಿನದ ವ್ಯವಹಾರವನ್ನು ಕೀರ್ದಿಯಲ್ಲಿ ಬರೆದು, ಪಕ್ಕದಲ್ಲೇ ಖತಾವಣಿಯ ಪುಟಸಂಖ್ಯೆಯನ್ನು ಗುರುತು ಹಾಕುತ್ತಿದ್ದರು. ಆಸಾಮಿಯ ಪೂರ್ತಿ ವಿವರ ಖತಾವಣಿಯಲ್ಲಿ ಒಂದೇ ಕಡೆ. ಕೀರ್ದಿಯಲ್ಲಿ ಅದರ ಗುರುತು ಮಾತ್ರ. ಡೇಟಾಬೇಸ್ ಪುಸ್ತಕಗಳು ‘ಫಾರಿನ್ ಕೀ’ ಎಂದು ಕರೆಯುವುದು ಆ ಪುಟಸಂಖ್ಯೆಯ ಕೆಲಸವನ್ನೇ. ಕೀರ್ದಿ ಬರೆದ ಅಜ್ಜನ ಮೊಮ್ಮಗಳಿಗೆ ಈ ಪಾಠವನ್ನು ಇಲ್ಲಿಂದ ಶುರುಮಾಡಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಚಿತ್ರ ಬರೆದು ಯೋಚಿಸುವುದು

ಕೋಷ್ಟಕ ಮಾಹಿತಿಯನ್ನು ಹಿಡಿದಿಡುತ್ತದೆ. ಆದರೆ ತಂತ್ರಾಂಶವೆಂದರೆ ಮಾಹಿತಿಯಷ್ಟೇ ಅಲ್ಲ. ಯಾರು ಏನು ಮಾಡುತ್ತಾರೆ, ಯಾವುದರ ನಂತರ ಯಾವುದು ನಡೆಯುತ್ತದೆ ಎಂಬುದೂ ಅದರಲ್ಲಿ ಸೇರಿದೆ. ಇದನ್ನು ಬರೆದು ತೋರಿಸಲು 1990ರ ದಶಕದ ಮೊದಲ ಭಾಗದಲ್ಲಿ ಒಬ್ಬೊಬ್ಬ ತಜ್ಞರದು ಒಂದೊಂದು ಬಗೆಯ ಚಿತ್ರವಿತ್ತು. ಗ್ರೇಡಿ ಬೂಚ್, ಜೇಮ್ಸ್ ರಂಬೊ, ಐವರ್ ಜೇಕಬ್ಸನ್ ಎಂಬ ಮೂವರು ರ‍್ಯಾಷನಲ್ ಎಂಬ ಕಂಪನಿಯಲ್ಲಿ ಒಟ್ಟಾಗಿ ತಮ್ಮ ಪದ್ಧತಿಗಳನ್ನು ಒಂದುಗೂಡಿಸಿದರು. 1997ರ ನವೆಂಬರಿನಲ್ಲಿ ಅದು ಉದ್ಯಮದ ಮಾನಕವಾಯಿತು. ಅದೇ ಯುಎಂಎಲ್.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಬ್ಲಾಹಾ ಮತ್ತು ರಂಬೊ ಬರೆದ ವಿನ್ಯಾಸದ ಪುಸ್ತಕವೂ, ಎಲ್ಮಸ್ರಿ ಮತ್ತು ಶಾಮಕಾಂತ ನವಾಥೆ ಬರೆದ ಡೇಟಾಬೇಸ್ ಪುಸ್ತಕವೂ ವರ್ಷಗಟ್ಟಲೆ ಇದ್ದವು. ಎರಡೂ ಒಳ್ಳೆಯ ಪುಸ್ತಕಗಳು. ಆದರೆ ಬೇರೆ ಬೇರೆ ಸೆಮಿಸ್ಟರಿನಲ್ಲಿ, ಬೇರೆ ಬೇರೆ ಪರೀಕ್ಷೆಗೆಂದು ಓದಿದ್ದರಿಂದ ಇವೆರಡೂ ಒಂದೇ ಕೆಲಸದ ಎರಡು ಮುಖ ಎಂಬುದು ವಿದ್ಯಾರ್ಥಿಗಳಿಗೆ ಹೊಳೆಯಲೇ ಇಲ್ಲ. ಯುಎಂಎಲ್ ಎಂದರೆ 14 ಬಗೆಯ ಚಿತ್ರಗಳ ಹೆಸರು ಒಪ್ಪಿಸುವುದು ಎಂದಾಯಿತು. ದಿನನಿತ್ಯದ ಕೆಲಸಕ್ಕೆ ಅವುಗಳಲ್ಲಿ 3 ಸಾಕು. ಯಾರು ಏನು ಮಾಡುತ್ತಾರೆಂದು ಹೇಳುವ ಯೂಸ್ ಕೇಸ್ ಚಿತ್ರ, ಯಾವ್ಯಾವ ವಸ್ತುಗಳಿವೆ ಮತ್ತು ಅವುಗಳ ನಂಟೇನು ಎಂದು ಹೇಳುವ ಕ್ಲಾಸ್ ಚಿತ್ರ, ಒಂದು ವಸ್ತು ಯಾವ ಹಂತದಿಂದ ಯಾವ ಹಂತಕ್ಕೆ ಹೋಗುತ್ತದೆಂದು ಹೇಳುವ ಸ್ಟೇಟ್ ಚಿತ್ರ. ಈ ಮೂರನ್ನೂ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಬಹುದು.

ಒಂದು ಲಾಟಿನ ಲೆಕ್ಕ

ಈಗ ಪೇಟೆಗೆ ಹೋಗೋಣ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿ ಡಬ್ಬಿ, ಕಡ್ಡಿ ಎಂಬ ಬಗೆಗಳಲ್ಲಿ ಮಾರುಕಟ್ಟೆಗೆ ಬರುತ್ತದೆ. ಸೋಮವಾರ, ಗುರುವಾರ ವಹಿವಾಟು ಜೋರು. ಸುಗ್ಗಿಯಲ್ಲಿ ಒಂದೇ ದಿನಕ್ಕೆ ಲಕ್ಷ ದಾಟಿ ಚೀಲಗಳು ಇಳಿಯುತ್ತವೆ. ಹಾವೇರಿ, ಧಾರವಾಡ, ಗದಗಿನಿಂದಷ್ಟೇ ಅಲ್ಲ, ಬಳ್ಳಾರಿ, ರಾಯಚೂರಿನಿಂದ, ಆಂಧ್ರದ ಕರ್ನೂಲಿನಿಂದಲೂ ರೈತರು ಬರುತ್ತಾರೆ. ರೈತ ತಂದ ಚೀಲಗಳನ್ನು ದಲಾಲಿ ಅಂಗಡಿಯ ಮುಂದೆ ಲಾಟ್ ಮಾಡಿ ಸಂಖ್ಯೆ ಕೊಡುತ್ತಾರೆ. ಖರೀದಿದಾರರು ಲಾಟ್ ನೋಡಿ, ಮುಟ್ಟಿ, ಬಣ್ಣ ಅಳೆದು, ಇ-ಟೆಂಡರಿನಲ್ಲಿ ದರ ನಮೂದಿಸುತ್ತಾರೆ. ಹೆಚ್ಚು ದರ ಹಾಕಿದವರಿಗೆ ಲಾಟ್. ಆಮೇಲೆ ತೂಕ, ಪಟ್ಟಿ (ಮಾರಾಟದ ಬಿಲ್ಲು), ಹಣ.

ಹೊಸಬರು ಇದನ್ನೆಲ್ಲ ಒಂದೇ ಉದ್ದನೆಯ ಹಾಳೆಯಲ್ಲಿ ತುಂಬುತ್ತಾರೆ: ರೈತನ ಹೆಸರು, ಊರು, ಫೋನ್, ದಲಾಲರ ಹೆಸರು, ಬಗೆ, ಚೀಲ, ತೂಕ, ದರ, ಮೊತ್ತ. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಆಮೇಲಿನದು. ಹಲಗೇರಿಯ ಒಬ್ಬ ರೈತ ಸುಗ್ಗಿಯಲ್ಲಿ ನಾಲ್ಕು ಸಲ ಮಾಲು ತಂದರೆ ಅವನ ಫೋನ್ ಸಂಖ್ಯೆ ನಾಲ್ಕು ಕಡೆ ಇರುತ್ತದೆ. ಸಂಖ್ಯೆ ಬದಲಾದಾಗ ಮೂರು ಕಡೆ ತಿದ್ದಿ ಒಂದು ಕಡೆ ಬಿಟ್ಟರೆ ಯಾವುದು ಸರಿ ಎಂದು ಹೇಳುವವರಿಲ್ಲ. ಇನ್ನೂ ಮಾಲು ತರದ ರೈತನನ್ನು ಮೊದಲೇ ನೋಂದಾಯಿಸಲು ಆ ಹಾಳೆಯಲ್ಲಿ ಜಾಗವಿಲ್ಲ. ತಪ್ಪಾಗಿ ನಮೂದಾದ ಲಾಟನ್ನು ಅಳಿಸಿದರೆ, ಅದು ಆ ರೈತನ ಏಕೈಕ ಲಾಟ್ ಆಗಿದ್ದ ಪಕ್ಷದಲ್ಲಿ ರೈತನೂ ಅಳಿದುಹೋಗುತ್ತಾನೆ. ಪುಸ್ತಕಗಳಲ್ಲಿ ‘ನಾರ್ಮಲೈಸೇಶನ್’ ಎಂಬ ಅಧ್ಯಾಯವಿರುವುದು ಈ ಮೂರು ತೊಂದರೆಗಳನ್ನು ತಪ್ಪಿಸಲಿಕ್ಕೆ.

ಹಾಗಾಗಿ ಹಾಳೆಯನ್ನು ಒಡೆಯಬೇಕು. ರೈತರಿಗೊಂದು ಕೋಷ್ಟಕ, ದಲಾಲರಿಗೊಂದು, ಖರೀದಿದಾರರಿಗೊಂದು, ಲಾಟಿಗೊಂದು. ಒಬ್ಬ ರೈತನಿಗೆ ಹಲವು ಲಾಟ್; ಒಂದು ಲಾಟಿಗೆ ಒಬ್ಬನೇ ರೈತ. ಕ್ಲಾಸ್ ಚಿತ್ರದಲ್ಲಿ ಗೆರೆಯ ಒಂದು ತುದಿಗೆ 1, ಇನ್ನೊಂದು ತುದಿಗೆ ನಕ್ಷತ್ರದ ಗುರುತು. ಖರೀದಿದಾರ ಮತ್ತು ಲಾಟಿನ ನಂಟು ಮಾತ್ರ ಬೇರೆ. ಒಬ್ಬ ಖರೀದಿದಾರ ಹಲವು ಲಾಟಿಗೆ ದರ ಹಾಕುತ್ತಾನೆ, ಒಂದು ಲಾಟಿಗೆ ಹಲವು ಖರೀದಿದಾರರು ದರ ಹಾಕುತ್ತಾರೆ. ಎರಡೂ ತುದಿಗೆ ನಕ್ಷತ್ರ ಬಂದರೆ ನಡುವೆ ಇನ್ನೊಂದು ಕೋಷ್ಟಕ ಬೇಕೆಂದು ಅರ್ಥ. ಲಾಟ್ ಸಂಖ್ಯೆ, ಖರೀದಿದಾರನ ಸಂಖ್ಯೆ, ಹಾಕಿದ ದರ, ಹಾಕಿದ ಸಮಯ: ಟೆಂಡರ್ ಎಂದರೆ ಅದೇ ಕೋಷ್ಟಕ. ಗೆದ್ದ ದರದ ಜೊತೆಗೆ ಸೋತ ದರಗಳೂ ಉಳಿಯುವುದರಿಂದ ಲಾಟಿಗೆ ಎಷ್ಟು ಜನ ಪೈಪೋಟಿ ನಡೆಸಿದರು ಎಂಬುದೂ ಉಳಿಯುತ್ತದೆ.

ಪಟ್ಟಿ ಬರೆಯುವಾಗ ಇನ್ನೊಂದು ಪಾಠ ಕಾದಿದೆ. ತೂಕಕ್ಕೆ ದರ ಗುಣಿಸಿದರೆ ಮೊತ್ತ ಸಿಗುತ್ತದೆ, ಆದ್ದರಿಂದ ಮೊತ್ತವನ್ನು ಬೇರೆಯಾಗಿ ಬರೆದಿಡಬೇಕಿಲ್ಲ. ಆದರೆ ಮಾರುಕಟ್ಟೆ ಶುಲ್ಕದ ದರದ ಸಂಗತಿ ಹಾಗಲ್ಲ. ಕರ್ನಾಟಕದಲ್ಲಿ 2020ರಲ್ಲಿ ಆ ದರ ಬದಲಾಯಿತು. ಶುಲ್ಕದ ದರ ಒಂದೇ ಕಡೆ ಇದ್ದು ಅದನ್ನು ತಿದ್ದಿದರೆ ಹಿಂದಿನ ವರ್ಷದ ಪಟ್ಟಿಗಳೂ ಹೊಸ ದರದಲ್ಲಿ ತೋರಿಸತೊಡಗುತ್ತವೆ. ಅದಕ್ಕೇ ಪಟ್ಟಿ ಆದ ದಿನದ ದರವನ್ನು ಪಟ್ಟಿಯಲ್ಲೇ ಉಳಿಸಬೇಕು. ನಾರ್ತ್‌ವಿಂಡ್‌ನಲ್ಲೂ ಹೀಗೇ ಇದೆ. ಸರಕಿನ ಕೋಷ್ಟಕದಲ್ಲಿ ಬೆಲೆ ಇದ್ದರೂ ಆರ್ಡರಿನ ವಿವರದಲ್ಲಿ ಬೆಲೆಯನ್ನು ಇನ್ನೊಮ್ಮೆ ಬರೆದಿದ್ದಾರೆ. ಸಾವಿರಾರು ವಿದ್ಯಾರ್ಥಿಗಳು ಆ ಎರಡು ಬೆಲೆಗಳನ್ನು ನೋಡಿದ್ದಾರೆ. ಯಾಕೆ ಎರಡು ಎಂದು ಕೇಳಿದವರು ಕಡಿಮೆ. ಬ್ಯಾಡಗಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದರೆ ಬರ್ಲಿನ್ನಿನ ಆರ್ಡರ್ ತಾನಾಗಿ ಅರ್ಥವಾಗುತ್ತದೆ.

ಬಿಟ್ಟುಹೋಗುವ ಬಾಣ

ಲಾಟಿನ ಸ್ಟೇಟ್ ಚಿತ್ರ ಬರೆಯಲು ಹೇಳಿದರೆ ಹೆಚ್ಚಿನವರು ಹೀಗೆ ಬರೆಯುತ್ತಾರೆ: ಮಾಲು ಬಂತು, ಟೆಂಡರಿಗೆ ಹೋಯಿತು, ದರ ಘೋಷಣೆಯಾಯಿತು, ತೂಕವಾಯಿತು, ಪಟ್ಟಿಯಾಯಿತು, ಹಣ ಪಾವತಿಯಾಯಿತು. ನೇರ ಗೆರೆ, ನೋಡಲು ಅಂದ. ಆದರೆ ಟೆಂಡರಿನ ದರ ಒಪ್ಪಿಗೆಯಾಗದಿದ್ದರೆ ರೈತ ‘ಕೊಡುವುದಿಲ್ಲ’ ಎನ್ನಬಹುದು. ಆಗ ಲಾಟ್ ಮತ್ತೆ ಟೆಂಡರಿಗೆ ಹೋಗುತ್ತದೆ ಅಥವಾ ಶೀತಲಗೃಹ ಸೇರಿ ಒಳ್ಳೆಯ ದರಕ್ಕೆ ಕಾಯುತ್ತದೆ. ದರ ಘೋಷಣೆಯಿಂದ ಹಿಂದಕ್ಕೆ ಹೊರಡುವ ಆ ಒಂದು ಬಾಣ ಚಿತ್ರದಲ್ಲಿ ಇರಲೇಬೇಕು. ಚಿತ್ರದಲ್ಲಿ ಬಾಣ ಇಲ್ಲದಿದ್ದರೆ ಪರದೆಯ ಮೇಲೆ ಆ ಗುಂಡಿ ಇರುವುದಿಲ್ಲ. ಗುಂಡಿ ಇಲ್ಲದಿದ್ದರೆ ರೈತನ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಇದು ಸಣ್ಣ ಮಾತಲ್ಲ. 2024ರ ಮಾರ್ಚಿನಲ್ಲಿ ದರ ಕುಸಿದಾಗ ಬ್ಯಾಡಗಿಯಲ್ಲಿ ರೈತರ ಸಿಟ್ಟು ಹಿಂಸೆಗೆ ತಿರುಗಿ ವಾಹನಗಳಿಗೆ ಬೆಂಕಿ ಬಿತ್ತು. ದರ ಕುಸಿಯುವುದನ್ನು ಯಾವ ಡೇಟಾಬೇಸೂ ತಡೆಯಲಾರದು. ಆದರೆ ‘ಹೋದ ವಾರ ಇದೇ ಬಗೆಗೆ ಎಷ್ಟು ದರ ಬಂದಿತ್ತು, ನನ್ನ ಲಾಟಿಗೆ ಎಷ್ಟು ಜನ ದರ ಹಾಕಿದರು’ ಎಂದು ಕೇಳುವ ರೈತನಿಗೆ ಸ್ಪಷ್ಟ ಉತ್ತರ ಸಿಗುವುದೋ ಇಲ್ಲವೋ ಎಂಬುದನ್ನು ಕೋಷ್ಟಕಗಳ ವಿನ್ಯಾಸ ತೀರ್ಮಾನಿಸುತ್ತದೆ.

ವಿನ್ಯಾಸದಲ್ಲೇ ನ್ಯಾಯವನ್ನು ಅಡಕ ಮಾಡಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 2002ರ ಹೊತ್ತಿಗೆ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅದರಲ್ಲಿ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದ ಒಳಗೇ ಕೂರಿಸಿದ್ದರು. ಮೇಜಿನ ಆಚೆ ಕೂತವರು ಬೇಕಾದವರ ಅರ್ಜಿಯನ್ನು ಮುಂದೆ ತರಲು ಎಡೆಯಿರಲಿಲ್ಲ.

ಒಂದೇ ಊರು, ಮೂರು ಕಾಗುಣಿತ

ಇಂಗ್ಲಿಷ್ ಗೈಡ್‌ಗಳು ಎಂದೂ ಎತ್ತದ ಇನ್ನೊಂದು ವಿಷಯವಿದೆ. ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು ಎಂದು ಮೂರು ಬಗೆಯಲ್ಲೂ ಬರೆಯುತ್ತೇವೆ. ಓದುವವರಿಗೆ ಊರು ಒಂದೇ, ಕಂಪ್ಯೂಟರಿಗೆ ಮೂರು. ಹೆಸರನ್ನು ಪ್ರತಿ ಸಲ ಟೈಪ್ ಮಾಡಿಸಿದರೆ ವರ್ಷದ ಕೊನೆಗೆ ತಾಲ್ಲೂಕಿನ ಮೊತ್ತ ಮೂರು ಚೂರಾಗಿ ಬರುತ್ತದೆ. ಊರುಗಳಿಗೇ ಒಂದು ಕೋಷ್ಟಕ ಮಾಡಿ, ಪ್ರತಿ ಊರಿಗೂ ಒಂದು ಸಂಖ್ಯೆ ಕೊಟ್ಟು, ಪಟ್ಟಿಯಿಂದ ಆರಿಸುವಂತೆ ಮಾಡುವುದು ಇದಕ್ಕೆ ಪರಿಹಾರ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಹಳ್ಳಿಗಳಿಗೆ ಇಂಥ ಸಂಖ್ಯೆ ಈಗಾಗಲೇ ಇದೆ. ಅದನ್ನೇ ಬಳಸಿಕೊಂಡರೆ ಮುಂದೆ ಬೇರೆ ದಾಖಲೆಗಳ ಜೊತೆ ಹೊಂದಿಸುವುದೂ ಸುಲಭ.

ಅಕ್ಷರದ ಸಂಕೇತವನ್ನೂ ಗಮನಿಸಬೇಕು. ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕೂತಿರುತ್ತದೆ. ಫಾಂಟ್ ತೆಗೆದರೆ ಅರ್ಥವಿಲ್ಲದ ಗುರುತುಗಳು. ಅಕಾರಾದಿಯಲ್ಲಿ ಜೋಡಿಸಲು ಹೇಳಿದರೆ ಕ್ರಮ ತಪ್ಪುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆಕ್ಸೆಸ್ 2000ದಿಂದ ಈಚಿನ ಆವೃತ್ತಿಗಳು ಪಠ್ಯವನ್ನು ಯುನಿಕೋಡಿನಲ್ಲೇ ಇಡುತ್ತವೆ. ರೈತನ ಹೆಸರನ್ನು ಅವನ ಭಾಷೆಯಲ್ಲೇ ಬರೆದು, ಅವನ ಭಾಷೆಯಲ್ಲೇ ಹುಡುಕಲು ಈಗ ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.

ಪುಸ್ತಕವನ್ನು ಹೀಗೆ ಓದಿ

ಗೈಡ್ ಬೇಡ ಎಂದು ಹೇಳುತ್ತಿಲ್ಲ. ಗುರು ಸಿಗದ ಊರಿನಲ್ಲಿ ಪುಸ್ತಕವೇ ಗುರು. ಆದರೆ ಒಂದು ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಅದೇ ಪಾಠವನ್ನು ನಿಮಗೆ ಗೊತ್ತಿರುವ ವ್ಯವಹಾರಕ್ಕೆ ಅನ್ವಯಿಸಿ ನೋಡಿ. ಹಾಲಿನ ಡೇರಿ, ರಾಣೆಬೆನ್ನೂರಿನ ಬೀಜೋತ್ಪಾದನೆಯ ತಾಕುಗಳು, ಊರ ಗ್ರಂಥಾಲಯ, ಯಾವುದಾದರೂ ಸರಿ. ಮೊದಲು ಹಾಳೆ, ಪೆನ್ಸಿಲ್, ಕಂಪ್ಯೂಟರ್ ಆಮೇಲೆ. ಬರೆದ ಚಿತ್ರವನ್ನು ಆ ವ್ಯವಹಾರ ಮಾಡುವವರಿಗೇ ತೋರಿಸಿ ‘ಹೀಗೆ ನಡೆಯುತ್ತದೆಯೇ’ ಎಂದು ಕೇಳಿ. ಅವರು ‘ಒಮ್ಮೊಮ್ಮೆ ಹಾಗಲ್ಲ’ ಎಂದು ಶುರುಮಾಡುವ ಪ್ರತಿ ಮಾತೂ ವಿನ್ಯಾಸಕ್ಕೆ ಸೇರಬೇಕಾದ ಒಂದು ಬಾಣ. ನಿಜದ ಪಟ್ಟಿಯಿಂದ ಕೆಲವು ಸಾಲುಗಳನ್ನು ತುಂಬಿ, ಮಾಲೀಕರು ಕೇಳುವ ಪ್ರಶ್ನೆಗಳನ್ನೇ ಡೇಟಾಬೇಸಿನ ಪ್ರಶ್ನೆಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಕೇಳಿ ನೋಡಿ. ಉತ್ತರ ಬಾರದಿದ್ದರೆ ತಪ್ಪಿರುವುದು ಚಿತ್ರದಲ್ಲಿ, ಅಲ್ಲಿಗೆ ಮರಳಿ.

ಹಣ ಖರ್ಚಿಲ್ಲದೆ ಇದನ್ನೆಲ್ಲ ಮಾಡಬಹುದು. ಲಿಬ್ರೆ ಆಫೀಸಿನ ಬೇಸ್ ಮತ್ತು ಎಸ್‌ಕ್ಯುಲೈಟ್ ಉಚಿತ. ಮೇಜಿನ ಮೇಲಿನ ಡೇಟಾಬೇಸ್‌ಗಳ ಮಿತಿಯೂ ಗೊತ್ತಿರಲಿ. ಉದಾಹರಣೆಗೆ, ಆಕ್ಸೆಸ್‌ನ ಒಂದು ಕಡತ 2 ಗಿಗಾಬೈಟ್ ದಾಟುವಂತಿಲ್ಲ. ಒಂದು ಅಂಗಡಿಗೆ, ಒಂದು ಸಂಘಕ್ಕೆ ಅದು ಧಾರಾಳ. ಇಡೀ ಮಾರುಕಟ್ಟೆಯ ಇ-ಟೆಂಡರಿಗೆ ಸರ್ವರ್ ಆಧಾರಿತ ವ್ಯವಸ್ಥೆಯೇ ಬೇಕು. ಆದರೆ ಅಂಗಡಿಗೆ ಬರೆದ ಚಿತ್ರವೇ ಅಲ್ಲಿಯೂ ಬುನಾದಿ.

ಕೈಪಿಡಿ ಕನ್ನಡದಲ್ಲಿ ಬರಲಿ

ರಾಜ್ಯದ ದ್ವಿತೀಯ ಪಿಯುಸಿ ಕಂಪ್ಯೂಟರ್ ವಿಜ್ಞಾನದ ಪ್ರಯೋಗಪಟ್ಟಿಯಲ್ಲಿ ವಿದ್ಯುತ್ ಬಿಲ್ ತಯಾರಿಸುವ ಎಸ್‌ಕ್ಯೂಎಲ್ ಅಭ್ಯಾಸ ವರ್ಷಗಳ ಕಾಲ ಇತ್ತು. ಮನೆಗೆ ಬರುವ ಹೆಸ್ಕಾಂ ಬಿಲ್ಲನ್ನು ಎದುರಿಗಿಟ್ಟುಕೊಂಡು ಅದನ್ನು ಮಾಡಿದ ಮಗು ಮರೆಯಲಾರದು. ಇಂಥ ಉದಾಹರಣೆಗಳಿಂದಲೇ ತುಂಬಿದ ವಿನ್ಯಾಸದ ಕೈಪಿಡಿ ಕನ್ನಡದಲ್ಲಿ ಬರಬೇಕು. ಯು.ಬಿ. ಪವನಜ, ಟಿ.ಜಿ. ಶ್ರೀನಿಧಿ ಮೊದಲಾದವರು ಕಂಪ್ಯೂಟರ್ ವಿಷಯವನ್ನು ಕನ್ನಡದಲ್ಲಿ ತಿಳಿಯಾಗಿ ಹೇಳಬಹುದೆಂದು ತೋರಿಸಿಕೊಟ್ಟಿದ್ದಾರೆ. ಮುಂದಿನ ಹೆಜ್ಜೆ ಕಲಿಸುವವರದು. ಹಾವೇರಿ ಜಿಲ್ಲೆಗೆ ಈ ಕೆಲಸದ ಪರಂಪರೆಯೂ ಇದೆ. ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ಹೊರಟದ್ದು, ಓದುವವರು ಪುಸ್ತಕದ ಬಳಿ ಬರದಿದ್ದರೆ ಪುಸ್ತಕವೇ ಅವರ ಬಳಿ ಹೋಗಲೆಂದು ಕಾದಂಬರಿಕಾರ ಗಳಗನಾಥರು ಹೊತ್ತು ತಿರುಗಿ ಮಾರಿದ್ದು ಇದೇ ಸೀಮೆಯಲ್ಲಿ.

ಕಾಲವೂ ಕಾಯುತ್ತಿಲ್ಲ. 63,000 ಪ್ರಾಥಮಿಕ ಕೃಷಿ ಸಹಕಾರ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಹಳ್ಳಿಯ ಸಾಲದ ಲೆಕ್ಕ, ಗೊಬ್ಬರದ ಲೆಕ್ಕ ಎಲ್ಲವೂ ತಂತ್ರಾಂಶದೊಳಗೆ ಹೋಗುತ್ತಿದೆ. ಆ ವಿನ್ಯಾಸದಲ್ಲಿ ನಮ್ಮ ಪದ್ಧತಿ ಸರಿಯಾಗಿ ಬಂದಿದೆಯೇ, ಯಾವ ಬಾಣ ಬಿಟ್ಟುಹೋಗಿದೆ ಎಂದು ಓದಿ ಹೇಳಬಲ್ಲವರು ಪ್ರತಿ ಊರಿನಲ್ಲೂ ಬೇಕು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಈ ವರ್ಷದ ಪ್ರಾಜೆಕ್ಟಿಗೆ ಹಿಂದಿನ ವರ್ಷದ ಗ್ರಂಥಾಲಯ ನಿರ್ವಹಣೆಯ ಪ್ರತಿಯನ್ನು ಒಪ್ಪಿಕೊಳ್ಳಬೇಡಿ. ವಿದ್ಯಾರ್ಥಿಗಳನ್ನು ಒಂದು ಗುರುವಾರ ಹಾಳೆ ಪೆನ್ಸಿಲ್ಲಿನೊಂದಿಗೆ ಮಾರುಕಟ್ಟೆಗೆ ಕಳುಹಿಸಿ. ಒಂದು ಲಾಟ್ ಬಂದಲ್ಲಿಂದ ಹಣ ಪಾವತಿಯವರೆಗೆ ಹಿಂಬಾಲಿಸಿ ಚಿತ್ರ ಬರೆದು ತರಲಿ. ಆ ಚಿತ್ರಕ್ಕೆ ಅಂಕ ಕೊಡಿ, ಅದರಿಂದಲೇ ಕೋಷ್ಟಕ ಕಟ್ಟಿಸಿ. ಅಂಥ ಹತ್ತು ಒಳ್ಳೆಯ ಪ್ರಾಜೆಕ್ಟುಗಳನ್ನು ಕನ್ನಡದಲ್ಲಿ ಬರೆದು ಒಟ್ಟುಗೂಡಿಸಿದರೆ ನಮಗೆ ಬೇಕಾದ ಮೊದಲ ಕೈಪಿಡಿ ಸಿದ್ಧವಾಗುತ್ತದೆ.